ಸಹಿ ಬೇಕಾದ ಗಂಟೆಗಳು

ನನ್ನ ಹೊಸ ಮೊಣಕಾಲಿಗೆ ವಿಮೆಯವರು ಕೊಟ್ಟದ್ದು
ಇಪ್ಪತ್ತು ಭೇಟಿ. ಇಪ್ಪತ್ತೊಂದಿಲ್ಲ.
ಕೈಸಾ ಹಕಾಲಾಗೆ ಕಾಲೇಜು ಕೇಳಿದ್ದು
ನೂರೈವತ್ತು ಗಂಟೆ,
ಪಕ್ಕದಲ್ಲಿ ನಿಂತು, ಕೈ ಕಟ್ಟಿ, ಬರೀ ನೋಡಿದ ಗಂಟೆ;
ಪ್ರತಿಯೊಂದರ ಕೆಳಗೂ ಥೆರಪಿಸ್ಟರ ಸಹಿ.

ಹಾಗಾಗಿ ನಾನು ಹಲ್ಲು ಕಚ್ಚಿದ ಮುಕ್ಕಾಲು ಗಂಟೆ
ಅವಳ ಪುಸ್ತಕದಲ್ಲೂ ಮುಕ್ಕಾಲು ಗಂಟೆ.
ಒಂದೇ ನೋವು, ಎರಡು ಖಾತೆ.
ನಲವತ್ತು ವರ್ಷ ಅದಿರಿನ ಹಡಗಿನಲ್ಲಿ ದುಡಿದವನು ನಾನು,
ಒಂದೇ ತೂಕ ಎರಡು ಸಲ ಬರೆಯುವುದು ಗೊತ್ತು:
ಎಸ್ಕನಾಬಾದಲ್ಲಿ ತುಂಬುವಾಗೊಮ್ಮೆ,
ಗ್ಯಾರಿಯಲ್ಲಿ ಇಳಿಸುವಾಗೊಮ್ಮೆ.
ನಡುವೆ ಉದುರಿದ್ದನ್ನು ಯಾರೂ ಬರೆಯುವುದಿಲ್ಲ.

ಟವೆಲ್ ಮಡಚುತ್ತಾ ಒಪ್ಪಿಸುತ್ತಿದ್ದಳು, ಮಗ್ಗಿಯ ಹಾಗೆ:
ಅಂಗರಚನೆ, ಪ್ರಯೋಗ ಸಮೇತ, ಆಗಿದೆ.
ರಸಾಯನ ಆಗಿದೆ, ಎರಡನೇ ಸಲಕ್ಕೆ.
ಭೌತಶಾಸ್ತ್ರ ಮಾತ್ರ ಹಳತಾಯಿತಂತೆ.
"ಹತ್ತು ವರ್ಷ ದಾಟಿದರೆ ಲೆಕ್ಕಕ್ಕಿಲ್ಲ, ಮಿಸ್ಟರ್ ಟ್ರೆಲೋರ್."
ನನಗೆ ನಗು.
ಗುರುತ್ವಾಕರ್ಷಣೆ ಹತ್ತು ವರ್ಷಕ್ಕೆ ಹಳಸುತ್ತದೆಯೇ?
ನನ್ನ ಕಾಲನ್ನು ಕೇಳಲಿ.

ಆಮೇಲೆ ಮೂರು ವರ್ಷದ ಓದು.
ಒಂದು ಲಕ್ಷ ಹದಿನೆಂಟು ಸಾವಿರ ಡಾಲರ್,
ಅದು ಫೀಸು ಮಾತ್ರ; ಊಟ, ಬಾಡಿಗೆ, ಚಳಿಗಾಲದ ಟೈರು ಬೇರೆ.
ಸೀಟು ಹಿಡಿದಿಡಲು ಐನೂರು, ಬರದಿದ್ದರೆ ವಾಪಸಿಲ್ಲ.
ಕೊನೆಯ ವರ್ಷ ಯಾವುದೋ ಊರಿನ ಆಸ್ಪತ್ರೆಯಲ್ಲಿ
ದಿನವಿಡೀ ದುಡಿಮೆ, ಸಂಬಳವಿಲ್ಲ,
ದುಡಿಯುವುದಕ್ಕೆ ಇವಳೇ ದುಡ್ಡು ಕಟ್ಟಬೇಕು.
ಇದನ್ನು ಮೂರು ಸಲ ಹೇಳಿಸಿಕೊಂಡೆ,
ಕಿವಿಯ ಯಂತ್ರ ಕೆಟ್ಟಿದೆಯೇನೋ ಎಂದು.
ನಮ್ಮ ಹಡಗಿನಲ್ಲಿ ಹೀಗೆಂದಿದ್ದರೆ ಯೂನಿಯನ್ನಿನವರು
ಲಂಗರು ಎತ್ತಲು ಬಿಡುತ್ತಿರಲಿಲ್ಲ.

"ಮತ್ತೆ ಯಾಕೆ?" ಅಂದೆ.
"ಹಿಮ್ಮಡಿ ಜಾರಿಸಿ," ಅಂದಳು.
ಜಾರಿಸಿದೆ.
ಅವಳು ಮುಟ್ಟುವ ಹಾಗಿಲ್ಲ, ನಿಯಮ.
ಕೈ ಮಾತ್ರ ಗಾಳಿಯಲ್ಲಿ ನನ್ನ ಹಿಮ್ಮಡಿಯ ಜೊತೆ ಜಾರಿತು,
ದಡಕ್ಕೆ ಹಗ್ಗ ಸಡಿಲಿಸುವಾಗ ನಮ್ಮ ಕೈ ಜಾರುತ್ತಿದ್ದ ಹಾಗೆ,
ಬಿಟ್ಟೂ ಬಿಡದೆ.

ಹನ್ನೆರಡನೇ ಭೇಟಿಗೆ ಮೆಟ್ಟಿಲು.
ಹತ್ತುವಾಗ ಒಳ್ಳೆ ಕಾಲು ಮುಂದೆ, ಇಳಿಯುವಾಗ ಕೆಟ್ಟ ಕಾಲು.
ಮರದ ನಾಲ್ಕೇ ಮೆಟ್ಟಿಲು, ಎಲ್ಲಿಗೂ ಹೋಗುವುದಿಲ್ಲ,
ಹತ್ತಿ, ತಿರುಗಿ, ಇಳಿಯಬೇಕು.
"ನನ್ನ ಅರ್ಜಿಯ ಹಾಗೆ," ಅಂದಳು.
ಎರಡು ವರ್ಷ ಹತ್ತಿ ಇಳಿದಿದ್ದಾಳೆ.

ಇಪ್ಪತ್ತು ಮುಗಿಯಿತು.
ನನ್ನ ಮೊಣಕಾಲು ನೂರಾ ನಾಲ್ಕು ಡಿಗ್ರಿಗೆ ನಿಂತಿತ್ತು,
ಅವಳ ಪುಸ್ತಕ ನೂರಾ ಮೂವತ್ತೊಂದು ಗಂಟೆಗೆ.

ಜನವರಿ. ಕೊಲ್ಲಿ ಕಲ್ಲಾಗಿತ್ತು,
ಅದರ ಮೇಲೆ ಮೀನು ಹಿಡಿಯುವವರ ಗೂಡುಗಳು, ಒಂದೊಂದರಲ್ಲೂ ದೀಪ.
ರಾತ್ರಿ ಪಾಳಿ ಅವಳಿಗೆ ಪ್ಯಾಸ್ಟಿ ಅಂಗಡಿಯಲ್ಲಿ.
ಮಾಂಸ ತುಂಬಿದ ಆ ಕಡುಬು
ನನ್ನ ಅಜ್ಜ ಗಣಿಗೆ ಕಟ್ಟಿಕೊಂಡು ಹೋಗುತ್ತಿದ್ದ ಬುತ್ತಿ.
ಹಸಿವಿಲ್ಲದೆಯೂ ಹೋದೆ.
ಗಿರಾಕಿಗಳಿರಲಿಲ್ಲ. ಸ್ಟೂಲಿನ ಮೇಲೆ ಕೂತು
ಪ್ಯಾಂಟು ಮೇಲೇರಿಸಿ ಕಾಲು ಮಡಚಿದೆ.
ಹಿಟ್ಟಿನ ಕೈಯಲ್ಲೇ ಬಗ್ಗಿದಳು:
ಲಟ್ಟಣಿಗೆ ತೊಡೆಯ ಉದ್ದಕ್ಕೆ,
ಮರದ ಸೌಟು ಕಣಕಾಲಿನ ಕಡೆಗೆ,
ಒಂದು ಕಣ್ಣು ಮುಚ್ಚಿ. ಮುಟ್ಟಿದಳು.
"ನೂರಾ ಹನ್ನೆರಡು. ಒಂದೆರಡು ಆಚೀಚೆ."

"ಬರೆದುಕೋ."
"ಸಹಿ ಯಾರು ಹಾಕುತ್ತಾರೆ?"
ಬಿಲ್ಲಿನ ಹಿಂಬದಿಯಲ್ಲಿ ನಾನೇ ಹಾಕಿದೆ,
ಡೆನ್ಜಿಲ್ ಟ್ರೆಲೋರ್, ಕಾಲಿನ ಯಜಮಾನ.
ಕಾಲೇಜು ಒಪ್ಪುವುದಿಲ್ಲ, ಇಬ್ಬರಿಗೂ ಗೊತ್ತು.
ಆದರೂ ಗಲ್ಲಾದಲ್ಲಿ, ನೋಟುಗಳ ಅಡಿಗೆ ಇಟ್ಟಳು.

ಹೊರಗೆ ಎರಡು ಮೆಟ್ಟಿಲು, ಹಿಮಗಟ್ಟಿದ್ದವು.
ಕೆಟ್ಟ ಕಾಲು ಮುಂದಿಟ್ಟೆ.
ಬೆನ್ನ ಹಿಂದೆ ಬಾಗಿಲು ಮುಚ್ಚಿದ ಸದ್ದಾಗಲಿಲ್ಲ;
ನಿಂತು ನೋಡುತ್ತಿದ್ದಾಳೆ.
"ಇದನ್ನೂ ಸೇರಿಸು," ಎಂದು
ತಿರುಗದೆಯೇ ಕೂಗಿದೆ.